ಗೊತ್ತಿಲ್ಲ ಎನ್ನುತ್ತಿದ್ದ ಹಜ್ರತ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಮೊಬೈಲ್ ತೆಗೆದು ಹುಡುಕುತ್ತಾರೆ, ಹುಡುಕಿದರೆ ಮೊದಲು ಸಿಗುವುದು ಅರ್ಧ ನಿಮಿಷದ ಒಂದು ವಿಡಿಯೋ. ಆ ವಿಡಿಯೋದಲ್ಲಿರುವವರಿಗೂ ನಾನು ಬಲ್ಲವರಿಗೂ ಮುಖ ಒಂದೇ, ದನಿ ಒಂದೇ, ಮಿಕ್ಕಿದ್ದು ಯಾವುದೂ ಒಂದಲ್ಲ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಬಗ್ಗೆ ಬರೆಯುವ ಯೋಗ್ಯತೆ ಎಲ್ಲರಿಗಿಂತ ಕಡಿಮೆ ಇರುವುದು ನನಗೆ. ಆದರೂ ಬರೆಯಬೇಕಾದವನು ನಾನೇ. ಯಾಕೆಂದು ಓದುತ್ತಾ ಹೋದಂತೆ ತಿಳಿಯುತ್ತದೆ.

ಕುರಾನ್ ಓದಿಸುವವರನ್ನು ನಮ್ಮಲ್ಲಿ ಹಜ್ರತ್ ಎನ್ನುತ್ತಾರೆ. ಬಾಗಲಗುಂಟೆಯ ಒಂದು ಮೂರಂತಸ್ತಿನ ಕಟ್ಟಡದಲ್ಲಿ ಕೆಳಗೆ ವಾಷರ್ ಹೊಡೆಯುವ ಶೆಡ್ಡು, ಮೇಲೆ ಬಾಡಿಗೆ ರೂಮುಗಳು, ನಡುವಿನ ಮಹಡಿಯ ಹಾಲಿನಲ್ಲಿ ನಮ್ಮ ಮಕ್ಕಳ ಮದರಸಾ. ಕೆಳಗೆ ಪ್ರೆಸ್ ಮಷೀನು ಬಿದ್ದಾಗೆಲ್ಲ ಮೇಲಿನ ನೆಲ ನಡುಗುತ್ತಿತ್ತು. ಅಭ್ಯಾಸವಿಲ್ಲದವರು ಬೆಚ್ಚಿಬೀಳುತ್ತಿದ್ದರು. ಹಜ್ರತ್ ಮಾತ್ರ ಆ ಶೆಡ್ಡಿನ ಟೀ ಹೊತ್ತನ್ನು ತಿಳಿದುಕೊಂಡು, ಮಷೀನು ನಿಂತ ಹದಿನೈದು ನಿಮಿಷಕ್ಕೆಂದೇ ಕಷ್ಟದ ಪಾಠವನ್ನು ಎತ್ತಿಡುತ್ತಿದ್ದರು. ಮಗು ತಪ್ಪು ಓದಿದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದು ಬೆರಳು ಎತ್ತುತ್ತಿದ್ದರು. ಮಗು ಹಿಂದಕ್ಕೆ ಹೋಗಿ ತಾನೇ ತಪ್ಪು ಹುಡುಕಿ ಸರಿಮಾಡಿಕೊಳ್ಳುವವರೆಗೆ ಬೆರಳು ಇಳಿಯುತ್ತಿರಲಿಲ್ಲ.

ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಪೀಣ್ಯದ ಫ್ಯಾಕ್ಟರಿಗಳಿಗೆ ಕೆಲಸಕ್ಕೆಂದು ಬಂದವರ ಮಕ್ಕಳು. ನಾನೂ ಗದಗದ ಕಡೆಯವನೇ. ನಮ್ಮ ಮನೆಗಳಲ್ಲಿ ಆಡುವುದು ಕನ್ನಡ, ಉರ್ದು ಬಂದರೆ ಅಷ್ಟಕ್ಕಷ್ಟೆ. ಹಿಂದಿದ್ದ ಹಜ್ರತ್ ಎಲ್ಲವನ್ನೂ ಉರ್ದುವಿನಲ್ಲೇ ವಿವರಿಸುತ್ತಿದ್ದರು, ಮಕ್ಕಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದವು. ಇವರು ಹಾವೇರಿ ಕಡೆಯವರು. ಬಂದ ಮೊದಲ ದಿನದಿಂದಲೇ ಅರ್ಥವನ್ನು ಕನ್ನಡದಲ್ಲಿ ಹೇಳತೊಡಗಿದರು. ಮದರಸಾ ಕಮಿಟಿಯ ಹಿರಿಯರೊಬ್ಬರಿಗೆ ಸರಿಬರಲಿಲ್ಲ. "ಕನ್ನಡದಲ್ಲಿ ಹೇಳಿದ್ರೆ ದೀನಿನ, ಧರ್ಮದ ಮಾತಿಗೆ ಒಂದು ತೂಕ ಇರಲ್ಲ ಹಜ್ರತ್," ಎಂದರು.

"ನಿಮಗ ಹೊಟ್ಟಿ ನೋವು ಬಂದಾಗ ಡಾಕ್ಟರಿಗೆ ಯಾವ ಭಾಷಾದಾಗ ಹೇಳ್ತೀರಿ?"

"ಕನ್ನಡದಲ್ಲೇ."

"ಮತ್ತ ಅವಾಗ ನೋವಿಗೆ ತೂಕ ಕಮ್ಮಿ ಆಗ್ತೈತೇನು?"

ಹಿರಿಯರು ನಕ್ಕರು. ಆದರೆ ಆ ನಗು ಒಳಗಿನದಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ಅವರಲ್ಲಿ ಜನಕ್ಕೆ ಹಿಡಿಸದಿದ್ದ ಇನ್ನೊಂದು ಗುಣವೆಂದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಒಮ್ಮೆ ಯಾರೋ ಕೇಳಿದರು, ಮೊಬೈಲಿನಲ್ಲಿ ಕುರಾನಿನ ಆ್ಯಪ್ ಇದೆ, ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಾತ್‌ರೂಮಿಗೆ ಹೋಗಬಹುದಾ ಅಂತ. ನಾವೆಲ್ಲ ಮುಸಿಮುಸಿ ನಕ್ಕೆವು. ಹಜ್ರತ್ ನಗಲಿಲ್ಲ. "ನನಗ ಗೊತ್ತಿಲ್ಲಪಾ. ಕೇಳಿ ಹೇಳ್ತೀನಿ," ಎಂದು ಒಂದು ಇನ್ನೂರು ಪುಟದ ಶಾಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು. ಅವರ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು. ಅದರಲ್ಲಿ ತಮಗೆ ಕಲಿಸಿದ ಗುರುಗಳಿಗೆ ಫೋನು ಹಚ್ಚಿ, ಅವರು ಹೇಳಿದ್ದನ್ನು, ಯಾವ ಪುಸ್ತಕದಲ್ಲಿ ನೋಡಿ ಹೇಳಿದರು ಎಂಬುದನ್ನೂ ಸೇರಿಸಿ ಬರೆದುಕೊಂಡು ಮುಂದಿನ ವಾರ ಬಂದು ಹೇಳುತ್ತಿದ್ದರು. ಅಷ್ಟರಲ್ಲಿ ಪ್ರಶ್ನೆ ಕೇಳಿದವನು ಯೂಟ್ಯೂಬಿನಲ್ಲಿ ಮೂರು ಉತ್ತರ ನೋಡಿ, ಮೂರರಲ್ಲಿ ತನಗೆ ಅನುಕೂಲವಾದದ್ದನ್ನು ಹಿಡಿದುಕೊಂಡಿರುತ್ತಿದ್ದ.

ಕಮಿಟಿಯ ಸೆಕ್ರೆಟರಿ, ಪೌಡರ್ ಕೋಟಿಂಗ್ ಯೂನಿಟ್ ಇಟ್ಟುಕೊಂಡಿದ್ದವರು, ಒಂದು ದಿನ ನನ್ನೆದುರೇ ಅವರಿಗೆ ಬುದ್ಧಿ ಹೇಳಿದರು. "ಹಜ್ರತ್, ಪದೇಪದೇ ಗೊತ್ತಿಲ್ಲ ಅನ್ಬೇಡಿ. ಜನಕ್ಕೆ ನಂಬಿಕೆ ಹೋಗುತ್ತೆ. ಅಲ್ಲಿ ಮೊಬೈಲಲ್ಲಿ ಒಬ್ಬೊಬ್ರು ಹೆಂಗೆ ಹೇಳ್ತಾರೆ ನೋಡಿ, ಕೇಳಿದ ತಕ್ಷಣ ಪಟ್ ಅಂತ."

"ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರ ನನ್ನ ನಂಬಿಕಿನ ಹೋಗ್ತೈತಲ್ರಿ," ಎಂದರು ಇವರು. ಸೆಕ್ರೆಟರಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನೂ ಹುಬ್ಬು ಹಾರಿಸಿದೆ. ಆ ಕಾಲದಲ್ಲಿ ನಾನು ಎಲ್ಲರಿಗೂ ಬೇಕಾದವನಾಗಿರುವ ಕಲೆಯನ್ನು ಚೆನ್ನಾಗಿ ಕಲಿತಿದ್ದೆ.

ಫ್ಯಾಕ್ಟರಿಗಳಿಗೆ ರಜೆ ಇರುವ ಭಾನುವಾರ ಬೆಳಗ್ಗೆ ಅವರು ದೊಡ್ಡವರಿಗೂ ಮಕ್ಕಳಿಗೂ ಒಟ್ಟಿಗೆ ಒಂದು ಕ್ಲಾಸು ನಡೆಸುತ್ತಿದ್ದರು. ವಾಟ್ಸ್ಆ್ಯಪಿನಲ್ಲಿ ಬಂದ ಧರ್ಮದ ಮಾತುಗಳನ್ನು ಮಕ್ಕಳು ಮನೆಯವರ ಫೋನು ನೋಡಿ ಬರೆದುಕೊಂಡು ಬರಬೇಕು. ಅದರಲ್ಲೊಂದನ್ನು ಆರಿಸಿಕೊಂಡು ಹಜ್ರತ್ ಓದುತ್ತಿದ್ದರು. ಓದುವ ರೀತಿ ವಿಚಿತ್ರ. ಆ ಮಾತು ಶುದ್ಧ ಸುಳ್ಳು ಎಂದು ಅವರಿಗೆ ಮೊದಲೇ ಗೊತ್ತಿದ್ದರೂ, ಬೆನ್ನು ನೆಟ್ಟಗೆ ಮಾಡಿ, ಟೋಪಿ ಸರಿಮಾಡಿಕೊಂಡು, ಶುಕ್ರವಾರದ ಜುಮ್ಮಾ ಪ್ರವಚನದ ದನಿಯಲ್ಲಿ ಓದುತ್ತಿದ್ದರು. ಅವರ ದನಿಯಂತೂ ಎಂಥವರನ್ನೂ ನಿಲ್ಲಿಸುವಂಥದು. ಓದಿ ಮುಗಿಸಿ ಸುಮ್ಮನೆ ಕೂತುಬಿಡುತ್ತಿದ್ದರು. ಯಾರಾದರೂ ಪ್ರಶ್ನೆ ಕೇಳುವವರೆಗೆ ಅವರ ಬಾಯಿಂದ ಇನ್ನೊಂದು ಮಾತಿಲ್ಲ.

"ಸುಳ್ಳು ಅಂತ ಗೊತ್ತಿದ್ದೂ ಹಂಗ್ಯಾಕ ಛಂದಾಗಿ ಓದ್ತೀರಿ ಹಜ್ರತ್?" ಎಂದು ನಾನೊಮ್ಮೆ ಕೇಳಿದೆ.

"ಚೇಷ್ಟಿ ಮಾಡಿಕೋತ ಓದಿದ್ರ ಹುಡುಗರು ಚೇಷ್ಟಿ ಮಾಡೋದು ಕಲೀತಾವ. ಸುಳ್ಳು ಮನಿಗೆ ಬರೋವಾಗ ಛಂದ ಅರಿವಿ ಹಾಕ್ಕೊಂಡ ಬರ್ತೈತಿ. ಹಂಗ ಬಂದಾಗ ಗುರ್ತು ಹಿಡೀಬೇಕಲ?"

ಒಂದು ಭಾನುವಾರ ಹೀಗೇ ಓದಿ ಕೂತರು. ಯಾರೂ ಏನೂ ಕೇಳಲಿಲ್ಲ. ದೊಡ್ಡವರೆಲ್ಲ "ಸುಭಾನಲ್ಲಾ" ಎಂದು ತಲೆದೂಗಿದೆವು. ಐದು ನಿಮಿಷ, ಹತ್ತು ನಿಮಿಷ, ಅವರು ಕೂತೇ ಇದ್ದರು. ನನಗೆ ಕಾಲು ಜೋಮು ಹಿಡಿಯಿತು. ಕೊನೆಗೆ ಮೂರನೇ ಸಾಲಿನಿಂದ ಒಂದು ಒಂಬತ್ತು ವರ್ಷದ ಹುಡುಗಿ, ಪ್ರೆಸ್ ಆಪರೇಟರ್ ಒಬ್ಬನ ಮಗಳು, ಕೈ ಎತ್ತಿ "ಇದು ಯಾವ ಕಿತಾಬಲ್ಲಿದೆ ಹಜ್ರತ್?" ಎಂದಳು. ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ. "ಮಾಷಾ ಅಲ್ಲಾ, ಒಬ್ಬಾಕಿ ಎಚ್ಚರ ಇದ್ದಾಳ," ಎಂದು ತಮ್ಮ ಜೇಬಿನಲ್ಲಿದ್ದ ಪೆನ್ನನ್ನೇ ಅವಳಿಗೆ ಕೊಟ್ಟುಬಿಟ್ಟರು. ಆಮೇಲೆ ವಿಚಾರಣೆ ಶುರು. ಈ ಮಾತು ನಿನಗೆ ಯಾರು ಹೇಳಿದರು? ಮಾಮಾ. ಮಾಮಾಗೆ? ಗ್ರೂಪಲ್ಲಿ ಬಂತು. ಗ್ರೂಪಿಗೆ ಯಾರು ಹೇಳಿದರು? ಗೊತ್ತಿಲ್ಲ. "ಹಂಗಾರ ಈ ಮಾತಿಗೆ ಅಪ್ಪ ಯಾರು? ಅಪ್ಪ ಇಲ್ಲದ ಮಾತನ್ನ ತಂದು ಪೈಗಂಬರರ ಮನಿ ಮುಂದ ಬಿಟ್ಟು ಹೋಗ್ತೀರೇನು?" ಪ್ರವಾದಿಯವರು ಆಡದ ಮಾತನ್ನು ಅವರ ಹೆಸರಿಗೆ ಹಚ್ಚುವುದಕ್ಕಿಂತ ದೊಡ್ಡ ಪಾಪ ಅವರ ಲೆಕ್ಕದಲ್ಲಿ ಇನ್ನೊಂದಿರಲಿಲ್ಲ.

ನಾನು ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಕೆಲಸವೇ ಅಳೆದು ನೋಡಿ ಪಾಸು ಮಾಡುವುದು ಇಲ್ಲವೇ ತಿರಸ್ಕರಿಸುವುದು. ಕೊರೆದ ತೂತು ಸರಿಯಾಗಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಒಂದು ಗೇಜ್ ಇರುತ್ತದೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಹೋಗುವ ತುದಿ ಗೋ, ಹೋಗದ ತುದಿ ನೋ-ಗೋ. ಹಜ್ರತ್‌ಗೆ ಇದರ ಬಗ್ಗೆ ಹೇಳಿದಾಗ ಮಕ್ಕಳ ಹಾಗೆ ಕುತೂಹಲಪಟ್ಟು ತಂದು ತೋರಿಸು ಎಂದರು. ಸವೆದು ಪಕ್ಕಕ್ಕೆ ಹಾಕಿದ್ದ ಒಂದನ್ನು ತಂದುಕೊಟ್ಟೆ. ಅದನ್ನು ಭಾನುವಾರ ಎಲ್ಲರಿಗೂ ಹಿಡಿದು ತೋರಿಸಿ, "ನಮ್ಮ ಮಂದಿ ಕಿವಿಗೆ ಗೋ ತುದಿ ಅಷ್ಟ ಐತಿ. ನೋ-ಗೋ ಹಚ್ಚಿ ನೋಡೋ ರೂಢಿನ ಇಲ್ಲ. ಇಂವ ನೋಡ್ರಿ, ಕಬ್ಬಿಣಕ್ಕ ಇಷ್ಟು ಪರೀಕ್ಷಾ ಮಾಡ್ತಾನ," ಎಂದು ನನ್ನನ್ನು ಹೊಗಳಿದರು. ನನಗೆ ಎದೆ ಉಬ್ಬಿತ್ತು.

ಆ ಕಟ್ಟಡದ ಮಾಲೀಕರ ವಿಷಯವನ್ನೂ ಹೇಳಬೇಕು. ಅವರು ಅದೇ ಊರಿನ ಹಳೇ ಒಕ್ಕಲುತನದ ಮನೆಯವರು, ಹೊಲವೆಲ್ಲ ಶೆಡ್ಡುಗಳಾದ ಮೇಲೆ ಬಾಡಿಗೆಯ ಮೇಲೆ ಇದ್ದವರು. ಅವರ ಗ್ರೂಪಿನಲ್ಲೂ ಒಂದು ವಿಡಿಯೋ ಬಂದಿತ್ತಂತೆ, ಇಂಥ ಮದರಸಾಗಳಲ್ಲಿ ಮಕ್ಕಳ ತಲೆಗೆ ಏನೇನೋ ವಿಷ ತುಂಬುತ್ತಾರೆ ಎಂದು. ಒಂದು ಭಾನುವಾರ ಸೀದಾ ಮೆಟ್ಟಿಲು ಹತ್ತಿ ಬಂದರು. ಹಜ್ರತ್ ಎದ್ದು ನಿಂತು, "ಬರ್ರಿ ಗೌಡ್ರ, ಕೂಡ್ರಿ," ಎಂದು ಕುರ್ಚಿ ಹಾಕಿಸಿದರು.

"ನೀವ್ ಪಾಠ ಮಾಡಿ ಸಾಮಿ. ನಾನು ಇಂಗೇ ಕೂತಿರ್ತೀನಿ," ಎಂದರು ಗೌಡರು. ಪಾಠ ಆರಂಭವಾಯಿತು. ಗೌಡರು ಅರ್ಧ ಗಂಟೆ ಕಣ್ಣು ಬಿಟ್ಟುಕೊಂಡು ಕೇಳಿದರು, ಇನ್ನರ್ಧ ಗಂಟೆ ಕುರ್ಚಿಯಲ್ಲೇ ನಿದ್ದೆ ಮಾಡಿದರು. ಎದ್ದು ಹೋಗುವಾಗ, "ಇದೇ ಪಾಠನ ನಮ್ಮುಡ್ಗರಿಗೂ ಒಸಿ ಮಾಡಿ. ಅವ್ರೂ ಅಂಗೇ, ಬಂದಿದ್ದೆಲ್ಲ ನಂಬ್ಕಂಡು ಕುಣೀತವೆ," ಎಂದರು. ಮತ್ತೆಂದೂ ಅವರು ಮದರಸಾದ ವಿಚಾರ ಎತ್ತಲಿಲ್ಲ. ಹೊರಗಿನವರು ಹಬ್ಬಿಸಿದ ಸುಳ್ಳಿಗೆ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದು ಕೂತದ್ದೇ ಸಾಕಾಯಿತು. ನಮ್ಮವರು ಹಬ್ಬಿಸಿದ ಸುಳ್ಳಿಗೆ ಹಾಗೆ ಬಂದು ಕೂರುವವರು ಯಾರೂ ಸಿಗಲಿಲ್ಲ.

ಆ ಸುಳ್ಳನ್ನು ಹಬ್ಬಿಸಿದವನು ನಾನು.

ಇನ್ನೊಂದು ಭಾನುವಾರ ಮಗುವೊಂದು ಬರೆದುಕೊಂಡು ಬಂದಿದ್ದ ಮಾತು ಸಕ್ಕರೆ ಕಾಯಿಲೆಯದು. ಕುರಾನಿನ ಇಂಥ ಆಯತ್ತನ್ನು ನಲವತ್ತೊಂದು ದಿನ ಓದಿ ಊದಿದ ಖರ್ಜೂರವನ್ನು ಬರಿಹೊಟ್ಟೆಯಲ್ಲಿ ತಿಂದರೆ ಸಕ್ಕರೆ ಕಾಯಿಲೆ ಬಿಟ್ಟುಹೋಗುತ್ತದೆ, ಆಮೇಲೂ ಮಾತ್ರೆ ನುಂಗುವವನ ಈಮಾನು, ಅಂದರೆ ದೇವರ ಮೇಲಿನ ನಂಬಿಕೆ, ಪೂರ್ತಿಯಲ್ಲ ಎಂದು ಪ್ರವಾದಿಯವರು ಹೇಳಿದ್ದಾರೆ ಅಂತ ಅದರಲ್ಲಿತ್ತು. ಹಜ್ರತ್ ಎಂದಿನಂತೆ ನೆಟ್ಟಗೆ ಕೂತು, ದನಿ ತುಂಬಿ ಓದಿದರು. ಓದಿ ಸುಮ್ಮನಾದರು. ಅದೇ ಹುಡುಗಿ ಕೈ ಎತ್ತಿದಳು. ಆಮೇಲೆ ಹತ್ತು ನಿಮಿಷ ಅದನ್ನು ಎಳೆಎಳೆಯಾಗಿ ಬಿಡಿಸಿ, ಇದು ಯಾವ ಕಿತಾಬಿನಲ್ಲೂ ಇಲ್ಲ, ಯಾರದೋ ಕಟ್ಟುಕತೆ, ಮನೆಯಲ್ಲಿ ಮಾತ್ರೆ ನುಂಗುವವರು ಇದ್ದರೆ ಒಂದು ದಿನವೂ ಬಿಡಕೂಡದೆಂದು ಹೋಗಿ ಹೇಳಿ ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದರು. ಮುಂದಿನ ಸಾಲಿನಲ್ಲಿ ಕೂತು ನಾನು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದೆ. ಊರಿನಲ್ಲಿ ನನ್ನ ತಾಯಿಗೆ ಅವರ ದನಿಯೆಂದರೆ ಬಹಳ ಇಷ್ಟ.

ಸೋಮವಾರ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅದನ್ನು ಸ್ಟೇಟಸ್ಸಿಗೆ ಹಾಕಲು ಹೋದೆ. ಪೂರ್ತಿ ಹಿಡಿಸುವುದಿಲ್ಲ, ತುಂಡು ಮಾಡು ಎಂದಿತು ಫೋನು. ಮೊದಲ ತುಂಡನ್ನು ಹಾಕಿದೆ. ಅವಸರವಾಗಿತ್ತು ಎನ್ನಬಹುದು. ಆದರೆ ನಿಜ ಹೇಳಬೇಕೆಂದರೆ, ಮೊದಲ ತುಂಡೇ ಕೇಳಲು ಚೆನ್ನಾಗಿತ್ತು. ಮಿಕ್ಕಿದ್ದು ಪ್ರಶ್ನೆ, ಉತ್ತರ, ಕೆಮ್ಮು, ಮಕ್ಕಳ ಗದ್ದಲ. ಅದನ್ನು ಸಂಜೆ ಹಾಕೋಣ ಎಂದುಕೊಂಡೆ. ಸಂಜೆ ಮರೆತೆ. ಅಷ್ಟರಲ್ಲಿ ಮೂವರು, ದನಿ ಸಕ್ಕತ್ತಾಗಿದೆ, ಕಳಿಸು ಎಂದು ಕೇಳಿದ್ದರು, ಕಳಿಸಿದ್ದೆ. ವಾರದೊಳಗೆ ಅದೇ ತುಂಡು ಹಸಿರು ಅಂಚು, ಗುಮ್ಮಟದ ಚಿತ್ರ, ಹಜ್ರತ್ ಹೆಸರು ಹೊತ್ತುಕೊಂಡು, ಬೆಂಗಳೂರಿನ ಪ್ರಸಿದ್ಧ ಆಲಿಮರು, ಧರ್ಮಪಂಡಿತರು, ಎಂಬ ಬಿರುದಿನ ಜೊತೆ ನನ್ನ ಫೋನಿಗೇ ವಾಪಸು ಬಂತು. ಅದನ್ನು ನೋಡಿ ನನಗೆ ಮೊದಲು ಆದದ್ದು ಖುಷಿ. ನಾನು ಹಿಡಿದ ವಿಡಿಯೋ ಊರೆಲ್ಲ ಓಡಾಡುತ್ತಿದೆಯಲ್ಲಾ ಎಂದು.

ಕೀಪ್ಯಾಡ್ ಫೋನಿನ ಹಜ್ರತ್‌ಗೆ ಇದಾವುದೂ ತಿಳಿಯಲಿಲ್ಲ. ಹೇಳಬೇಕಾಗಿದ್ದ ನಾನು ಹೇಳಲಿಲ್ಲ. ಹೇಗೂ ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ ಎಂದುಕೊಂಡೆ.

ಪ್ರೆಸ್ ಆಪರೇಟರನ, ಅಂದರೆ ಕೈ ಎತ್ತುತ್ತಿದ್ದ ಆ ಹುಡುಗಿಯ ಅಪ್ಪನ, ತಾಯಿಗೆ ಹಳೆಯ ಸಕ್ಕರೆ ಕಾಯಿಲೆ. ಹೊಸಪೇಟೆಯಲ್ಲಿದ್ದ ಅವರ ತಂಗಿ ಆ ವಿಡಿಯೋ ಕಳಿಸಿದರು. ಇಲ್ಲಿಂದ ಹೋದದ್ದು ಅಲ್ಲಿ ಸುತ್ತಾಡಿ ಇಲ್ಲಿಗೇ ಬಂತು. ಬಾಗಲಗುಂಟೆಯ ನಮ್ಮ ಹಜ್ರತ್ರೇ ಹೇಳುತ್ತಿದ್ದಾರೆ ಎಂದ ಮೇಲೆ ಆಕೆಗೆ ಇನ್ನೇನು ಬೇಕು? ಮಗನಿಗೆ ಹೇಳದೆ ಮಾತ್ರೆ ಬಿಟ್ಟರು, ಇಂಜೆಕ್ಷನ್ ಬಿಟ್ಟರು, ಖರ್ಜೂರ ಹಿಡಿದರು. ಮಗನಿಗೆ ಎರಡು ಶಿಫ್ಟಿನ ದುಡಿಮೆ, ಗೊತ್ತಾಗುವಾಗ ಕಾಲಿನ ಹುಣ್ಣು ಕಪ್ಪಾಗಿತ್ತು. ಮೊದಲು ಮೊಣಕಾಲಿನ ಕೆಳಗೆ ಕತ್ತರಿಸಿದರು. ಮೂರು ತಿಂಗಳಿಗೆ ಜೀವವೂ ಹೋಯಿತು.

ಮಗ ಕಮಿಟಿಗೆ ಬಂದ. ಮೀಟಿಂಗು ಅದೇ ಹಾಲಿನಲ್ಲಿ, ಅದೇ ಚಾಪೆಗಳ ಮೇಲೆ. ಸೆಕ್ರೆಟರಿ ತಮ್ಮ ಫೋನನ್ನು ಎತ್ತಿ ಹಿಡಿದು ವಿಡಿಯೋ ಹಾಕಿದರು. ಹಜ್ರತ್ ತಮ್ಮ ದನಿಯನ್ನು ತಾವೇ ಕೊನೆಯವರೆಗೂ ಕೇಳಿದರು.

"ಇದು ನಿಮ್ಮ ದನೀನೇನಾ?"

"ನಂದ."

"ನೀವು ಹೇಳಿದ್ರಾ?"

"ಓದಿದೆ. ಇದಾದ ಮ್ಯಾಲ ಸುಳ್ಳು ಅಂತ ಹೇಳೀನಿ. ಮಾತ್ರಿ ಬಿಡಬ್ಯಾಡ್ರಿ ಅಂತನೂ ಹೇಳೀನಿ."

"ಅದು ಇದ್ರಲ್ಲಿಲ್ವಲ್ಲ ಹಜ್ರತ್."

ಭಾನುವಾರದ ಕ್ಲಾಸಿಗೆ ಬರುತ್ತಿದ್ದ ಏಳೆಂಟು ಮಂದಿ ಅಲ್ಲೇ ಇದ್ದರು. ಸೆಕ್ರೆಟರಿ ಒಬ್ಬೊಬ್ಬರನ್ನೇ ಕೇಳಿದರು. ತಿಂಗಳುಗಳೇ ಆಗಿಹೋಗಿವೆ, ಸರಿಯಾಗಿ ನೆನಪಿಲ್ಲ ಎಂದರು. ಒಬ್ಬನಂತೂ, ಹೇಳಿದ್ದರೂ ಹೇಳಿರಬಹುದು ಎಂದ. ಆಗ ಬಾಗಿಲ ಹತ್ತಿರ ನಿಂತಿದ್ದ ಆ ಹುಡುಗಿ, ಸತ್ತ ಅಜ್ಜಿಯ ಮೊಮ್ಮಗಳೇ, ಒಳಗೆ ಬಂದು ಅಪ್ಪನ ಕಡೆ ತಿರುಗಿದಳು. "ಅಬ್ಬಾ, ಹಜ್ರತ್ ಸುಳ್ಳು ಅಂತ ಹೇಳಿದ್ರು. ನಾನು ಅಜ್ಜಿಗೂ ಹೇಳ್ದೆ. ಅಜ್ಜಿ, ನೀನು ಚಿಕ್ಕೋಳು ಸುಮ್ನಿರು, ಮೊಬೈಲಲ್ಲಿ ಹಜ್ರತ್ರೇ ಹೇಳ್ತಾವ್ರೆ ನೋಡು ಅಂದ್ರು."

"ಬಾಯ್ಮುಚ್ಕೊಂಡು ಮನೆಗೆ ನಡಿ," ಎಂದ ಅಪ್ಪ. ಮಕ್ಕಳು ಕಲಿಸಿದವರ ಪರವಾಗಿಯೇ ಹೇಳುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು ಎಂದರು ಸೆಕ್ರೆಟರಿ. ಹುಡುಗಿ ಅಳುತ್ತಾ ಮೆಟ್ಟಿಲಿಳಿದು ಹೋದಳು.

"ರೆಕಾರ್ಡ್ ಮಾಡಿದ್ದು ಯಾರು? ಕಳಿಸಿದ್ದು ಯಾರು? ಹೆಸರು ಹೇಳಿ, ಪೂರ್ತಿ ವಿಡಿಯೋ ತರಿಸೋಣ," ಎಂದರು ಸೆಕ್ರೆಟರಿ.

ಪೂರ್ತಿ ವಿಡಿಯೋ ಆಗ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಹನ್ನೊಂದು ನಿಮಿಷದ್ದು. ಅದನ್ನು ತೆಗೆದು ಚಾಪೆಯ ಮೇಲೆ ಇಟ್ಟಿದ್ದರೆ ಅವರ ಮಾನ ಉಳಿಯುತ್ತಿತ್ತು. ನನ್ನ ಪಕ್ಕದಲ್ಲೇ ಆ ಮಗ ಮುಷ್ಟಿ ಬಿಗಿಹಿಡಿದು ನಿಂತಿದ್ದ. ಪೊಲೀಸು, ಕೇಸು, ಕೆಲಸ, ಊರಿನಲ್ಲಿ ತಾಯಿ, ಎಲ್ಲ ಕಣ್ಣ ಮುಂದೆ ಬಂತು. ಆ ಕಾರಣಗಳನ್ನು ಒಂದೊಂದಾಗಿ ವಿವರಿಸಿ ನಿಮ್ಮ ಕರುಣೆ ಗಿಟ್ಟಿಸುವುದಿಲ್ಲ. ಹೆದರಿದೆ, ಅಷ್ಟೆ.

ಹಜ್ರತ್ ಚಾಪೆ ನೋಡುತ್ತಾ ಹೇಳಿದರು: "ರೆಕಾರ್ಡ್ ಮಾಡೋದು ನಾ ನೋಡೀನಿ. ಕಳಿಸಿದ್ದು ನೋಡಿಲ್ಲ. ನೋಡದೆ ಯಾರ ಹೆಸರೂ ಹೇಳಂಗಿಲ್ಲ."

"ರೆಕಾರ್ಡ್ ಮಾಡಿದವನ ಹೆಸರೇ ಹೇಳಿ."

"ಈಗ ಹೇಳಿದ್ರ ಇಂವನ ಕಳಿಸ್ಯಾನ ಅಂತ ನೀವು ತಿಳಕೋತೀರಿ. ಅದು ನನಗ ಗೊತ್ತಿಲ್ಲ."

ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಅದೂ ಸುಳ್ಳು. ನೋಡಿದ್ದರೂ ಹೇಳುತ್ತಿರಲಿಲ್ಲ. ಅವರ "ಗೊತ್ತಿಲ್ಲ"ದಿಂದ ಅಲ್ಲಿದ್ದವರಲ್ಲಿ ಉಪಕಾರವಾದದ್ದು ನನಗೊಬ್ಬನಿಗೆ.

ಅವತ್ತೇ ಅವರನ್ನು ತೆಗೆದುಹಾಕಿದರು. ಎಂಟನೇ ಮೈಲಿಯ ಬಸ್ ಸ್ಟಾಪಿನಲ್ಲಿ ನಿಂತು ನಾನು ಹನ್ನೊಂದು ನಿಮಿಷದ ಆ ವಿಡಿಯೋವನ್ನು ಅಳಿಸಿದೆ. ಖಚಿತವಾಗಿ ಅಳಿಸಬೇಕೇ ಎಂದು ಫೋನು ಮತ್ತೊಮ್ಮೆ ಕೇಳಿತು. ಹೌದು ಎಂದು ಒತ್ತಿದೆ.

ಮದರಸಾಕ್ಕೆ ಹೊಸ ಹಜ್ರತ್ ಬಂದರು. ಅವರಿಗೆ ಎಲ್ಲವೂ ಗೊತ್ತಿತ್ತು. ಗೋಡೆಗೆ ದೊಡ್ಡ ಟಿವಿ ಬಂತು, ಭಾನುವಾರ ಮಕ್ಕಳು ಅದರ ಮುಂದೆ ಕೂತು ಯಾರ್ಯಾರದೋ ಬಯಾನ್, ಧರ್ಮದ ಭಾಷಣ, ಕೇಳತೊಡಗಿದವು. ಯಾರೂ ಕೈ ಎತ್ತುವ ಪ್ರಮೇಯ ಬರಲಿಲ್ಲ. ಸೆಕ್ರೆಟರಿ ಸಾಹೇಬರಿಗೆ ಬಹಳ ತೃಪ್ತಿ.

ಹಜ್ರತ್ ಹೊಸೂರು ರಸ್ತೆಯ ಚಂದಾಪುರಕ್ಕೆ ಹೋಗಿ ಒಂದು ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. ವರ್ಷದ ಮೇಲೆ ನಾನೊಮ್ಮೆ ಅಲ್ಲಿಗೆ ಹೋದೆ. ಯಾಕೆ ಹೋದೆನೋ, ಬಹುಶಃ ಅವರು ಚೆನ್ನಾಗಿದ್ದಾರೆ ಎಂದು ಕಣ್ಣಾರೆ ನೋಡಿ ಹಗುರಾಗುವ ಆಸೆ. ಒಂದೇ ರೂಮಿನ ಮನೆ, ಹೆಂಡತಿ ಚಹಾ ಮಾಡಿಕೊಟ್ಟರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಬೆರಳುಗಳಲ್ಲಿ ರಟ್ಟು ಕೊಯ್ದ ಗಾಯ. ಇಲ್ಲಿ ಯಾರಿಗಾದರೂ ಓದಿಸುತ್ತೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ರಜೆ ಸಿಕ್ಕ ದಿನ ಒಂದೊಂದು ಮಸೀದಿಗೆ ಹೋಗಿ, ನಮಾಜು ಮುಗಿದ ಮೇಲೆ ಎದ್ದು ನಿಂತು, ಆ ವಿಡಿಯೋದಲ್ಲಿರುವವನು ನಾನೇ, ಆ ಮಾತು ಸುಳ್ಳು, ಯಾರೂ ನಂಬಬೇಡಿ ಎಂದು ಹೇಳಿ ಬರುತ್ತಿದ್ದರಂತೆ. ಒಂದು ಕಡೆ ಹುಡುಗರು ಅದನ್ನೂ ಹಿಡಿದು, ಸುಳ್ಳು ಹೇಳಿ ಸಿಕ್ಕಿಬಿದ್ದ ಮೌಲ್ವಿ ಎಂದು ಹೆಸರಿಟ್ಟು ಹರಿಬಿಟ್ಟಿದ್ದರು.

"ಕೆಲಸ ಹೋದದ್ದು ದೊಡ್ಡದಲ್ಲ," ಎಂದರು. "ಆ ಮುದುಕಿ ಸತ್ತಳು. ನಾಳೆ ಇನ್ನೊಬ್ಬಾಕಿ ಅದನ್ನ ಕೇಳಿ ಮಾತ್ರಿ ಬಿಡ್ತಾಳ. ನಾ ಸತ್ತ ಮ್ಯಾಲನೂ ನನ್ನ ದನಿ ಪೈಗಂಬರರ ಮ್ಯಾಲ ಸುಳ್ಳು ಹೇಳ್ಕೋತನ ಇರ್ತೈತಿ. ಅಲ್ಲಿ ಅಲ್ಲಾನ ಮುಂದ ಹೋಗಿ ಏನಂತ ಉತ್ತರ ಕೊಡಲಿ?"

ಚಹಾ ಮುಗಿದ ಮೇಲೆ ಅವರು ಬಹಳ ಮೆಲ್ಲಗೆ, ಹೆಂಡತಿಗೂ ಕೇಳಿಸದ ಹಾಗೆ ಕೇಳಿದರು: "ಪೂರ್ತಿದು ನಿನ್ನ ಹಂತ್ಯಾಕ ಐತೇನು?"

"ಆ ಫೋನು ಬಿದ್ದು ಒಡದ್ಹೋತು ಹಜ್ರತ್," ಎಂದೆ. ಅದೇ ಫೋನು ನನ್ನ ಜೇಬಿನಲ್ಲಿತ್ತು.

ಎಲ್ಲ ಮಾತಿಗೂ ಅಪ್ಪ ಯಾರೆಂದು ಕೇಳುತ್ತಿದ್ದ ಮನುಷ್ಯ ಅವತ್ತು ಯಾವಾಗ ಬಿತ್ತು, ಎಲ್ಲಿ ಬಿತ್ತು ಎಂದು ಏನನ್ನೂ ಕೇಳಲಿಲ್ಲ. "ಹೌದಾ," ಎಂದು ಲೋಟ ಎತ್ತಿಟ್ಟರು. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದು ಬಸ್ಸು ಹತ್ತಿಸಿದರು. ಅದೇ ಕೊನೆ, ಮತ್ತೆ ನಾನು ಅತ್ತ ಹೋಗಲಿಲ್ಲ.

ಎರಡು ತಿಂಗಳ ಹಿಂದೆ ಎದೆನೋವಿನಿಂದ ಹೋದರು ಎಂಬ ಸುದ್ದಿ ಗ್ರೂಪಿನಲ್ಲಿ ಬಂತು. ಬಾಗಲಗುಂಟೆಯಿಂದ ಒಂದು ವ್ಯಾನು ಮಾಡಿಕೊಂಡು ಹನ್ನೆರಡು ಜನ ಚಂದಾಪುರಕ್ಕೆ ಹೊರಟೆವು. ಪ್ರೆಸ್ ಆಪರೇಟರೂ ಬಂದಿದ್ದ, ಸೆಕ್ರೆಟರಿಯೂ ಬಂದಿದ್ದರು. ದಾರಿಯುದ್ದಕ್ಕೂ ಎಲ್ಲರೂ ಅವರ ದನಿಯನ್ನು ಹೊಗಳಿದರು. ಏನೇ ಆಗಲಿ ಒಳ್ಳೆಯ ಮನುಷ್ಯ, ಒಂದು ತಪ್ಪು ಮಾಡಿಬಿಟ್ಟರು ಎಂದರು ಸೆಕ್ರೆಟರಿ.

ಶವವನ್ನು ಮೈದಾನದಲ್ಲಿಟ್ಟು ಮಾಡುವ ಜನಾಜಾದ ನಮಾಜಿಗೆ ಮುನ್ನ ನಮ್ಮಲ್ಲಿ ಒಂದು ಪದ್ಧತಿಯುಂಟು. ಮನೆಯವರೊಬ್ಬರು ಮುಂದೆ ಬಂದು, ಸತ್ತವರಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ ಎಂದು ನೆರೆದವರನ್ನು ಬೇಡಿಕೊಳ್ಳುತ್ತಾರೆ. ಹಾವೇರಿಯಿಂದ ಬಂದಿದ್ದ ಅವರ ತಮ್ಮ ಜನಾಜಾದ ಪಕ್ಕ ನಿಂತು ಕೈ ಜೋಡಿಸಿದರು. "ನಮ್ಮಣ್ಣನ ಮಾತಿನಿಂದ ಯಾರಿಗರ ನೋವಾಗಿದ್ರ, ಯಾರಿಗರ ತೊಂದ್ರಿ ಆಗಿದ್ರ, ದಯಮಾಡಿ ಮಾಫ್ ಮಾಡ್ರಿ. ಬಾಗಲಗುಂಟಿಯಿಂದ ಬಂದವರು ಇದ್ದೀರಿ. ನಿಮ್ಮನ್ನಂತೂ ಕಾಲು ಮುಟ್ಟಿ ಕೇಳ್ಕೋತೀನಿ."

ನನ್ನ ಪಕ್ಕದಲ್ಲಿ ನಿಂತಿದ್ದ ಪ್ರೆಸ್ ಆಪರೇಟರ್ ತಲೆ ತಗ್ಗಿಸಿದ. "ನಮ್ಮಮ್ಮನ ಪರವಾಗಿ ಮಾಫ್ ಮಾಡ್ದೆ," ಎಂದು ಬಿಕ್ಕಿ ಅತ್ತ. ಕ್ಷಮಿಸುವಂಥದ್ದು ಅವರು ಏನೂ ಮಾಡಿರಲಿಲ್ಲ ಎಂದು ಅವನಿಗೆ ಹೇಳಬಹುದಾದವನು ಆ ಮೈದಾನದಲ್ಲಿ ಒಬ್ಬನೇ ಇದ್ದ, ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿದ್ದ. ಸೆಕ್ರೆಟರಿ "ಮಾಫ್" ಎಂದರು. ಇನ್ನೊಬ್ಬರು ಎಂದರು. ಮತ್ತೊಬ್ಬರು ಎಂದರು. ಹಜ್ರತ್ ಅವರ ತಮ್ಮ, ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಸಾಲಿನುದ್ದಕ್ಕೂ ಬಂದು ನನ್ನ ಮುಂದೆ ನಿಂತರು.

"ಮಾಫ್ ಮಾಡೀನಿ," ಎಂದೆ.

ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. "ದೊಡ್ಡ ಮನಸ್ಸು ನಿಮ್ದು ಅಣ್ಣಾರ," ಎಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.